ಮಾರ್ಚ್ ಬರುವ ಮುಂಚೆ

15 ನವೆಂಬರ್ 2025, ಶನಿವಾರ

ಇವತ್ತು ಬೆಳಗ್ಗೆ ಆರೂವರೆಗೆ ಊರ ಅಗಸಿಯಿಂದ ಕ್ರಾಸಿನವರೆಗೆ ರಸ್ತೆ ಅಳೆದೆವು. ನಾನು, ಕಾಕಾ, ಓಣಿಯ ಇಬ್ಬರು ಹುಡುಗರು. ಮೂರು ಕಿಲೋಮೀಟರ್ ದಾರಿ. ಕೈಯಲ್ಲಿ ತಂಗಿಯ ಹೊಲಿಗೆ ಟೇಪು, ಒಂದು ನೋಟ್‌ಬುಕ್, ಮೊಬೈಲ್. ಸಣ್ಣವು ದೊಡ್ಡವು ಸೇರಿ 41 ಗುಂಡಿ.

ಅಳೆಯೋಕೆ ಕಾರಣ ಕ್ರಾಸಿನಲ್ಲಿರುವ ಬೋರ್ಡು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಬೋರ್ಡು ಅದು. ದಿನಾ ಅದರ ಮುಂದೆಯೇ ಬಸ್ಸಿಗೆ ಕಾಯುತ್ತೇವೆ, ಆದರೆ ಓದಿದ್ದು ಹೋದ ವಾರ. ಕೆಲಸ ಮುಗಿದದ್ದು 2021ರ ಮಾರ್ಚ್. ಅದರ ಕೆಳಗೆ ಐದು ವರ್ಷದ ನಿರ್ವಹಣೆಗೆ ವರ್ಷವಾರು ಎಷ್ಟು ಹಣ ಅಂತ ಬರೆದಿದೆ. ಅಂದರೆ ಬರುವ ಮಾರ್ಚ್‌ವರೆಗೆ ಈ ಗುಂಡಿ ಮುಚ್ಚುವುದು ರಸ್ತೆ ಮಾಡಿದ ಗುತ್ತಿಗೆದಾರರದ್ದೇ ಜವಾಬ್ದಾರಿ. ಇನ್ನು ನಾಲ್ಕೇ ತಿಂಗಳು ಉಳಿದಿದೆ. ಓದಿದಾಗ ಎದೆ ಧಸಕ್ ಅಂದಿತು.

ಈ ರಸ್ತೆಯ ಬೆಲೆ ನಮಗೆ ಗೊತ್ತು. ನಾನು ಸಣ್ಣವನಿದ್ದಾಗ ಇದು ಬಂಡಿ ದಾರಿ. ಗದಗ ಸೀಮೆಯ ಎರೆ ಮಣ್ಣು, ಮಳೆ ಬಿತ್ತೆಂದರೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು. ಹೆಜ್ಜೆ ಹೆಜ್ಜೆಗೂ ಕಾಲು ಭಾರ. 2000ದ ಡಿಸೆಂಬರ್ 25ರಂದು ಈ ಯೋಜನೆ ಶುರುವಾದಾಗ 500 ಇಲ್ಲವೇ ಅದಕ್ಕಿಂತ ಹೆಚ್ಚು ಜನ ಇರುವ ಬಯಲು ಸೀಮೆಯ ಊರಿಗೆಲ್ಲ ಪಕ್ಕಾ ದಾರಿ ಅಂತ ಲೆಕ್ಕ ಇತ್ತು. ಮೊದಮೊದಲು ಪೂರ್ತಿ ಹಣ ಕೇಂದ್ರದ್ದು. ಈಗ ನಮ್ಮಂಥ ರಾಜ್ಯಗಳಲ್ಲಿ ಕೇಂದ್ರ 60, ರಾಜ್ಯ 40. ಐದು ವರ್ಷದ ನಿರ್ವಹಣೆಯ ಹಣ ಮಾತ್ರ ಪೂರ್ತಿ ರಾಜ್ಯವೇ ಕೊಡಬೇಕು. ನಾವು ಬೈಕಿಗೆ ಹಾಕಿಸುವ ಪೆಟ್ರೋಲಿನಲ್ಲೂ ರಸ್ತೆಗೆ ಅಂತ ಸೆಸ್ ಇದೆ. ಇದು ಯಾರೋ ಕೊಟ್ಟ ಭಿಕ್ಷೆ ಅಲ್ಲ, ನಮ್ಮದೇ ದುಡ್ಡು. ಅದಕ್ಕೇ ಹೊಟ್ಟೆ ಉರಿಯೋದು.

ಹಳ್ಳದ ಮೋರಿ ಹತ್ತಿರದ ಗುಂಡಿಯೇ ಎಲ್ಲಕ್ಕಿಂತ ದೊಡ್ಡದು. ಏಳು ಅಡಿ ಉದ್ದ, ನಾಲ್ಕು ಅಡಿ ಅಗಲ, ಒಂದು ಗೇಣು ಆಳ. ಕುಕ್ಕರಗಾಲಲ್ಲಿ ಕೂತು ನೋಡಿದೆ. ಮೇಲೆ ಡಾಂಬರು ಬೆರಳು ದಪ್ಪ ಅಷ್ಟೇ. ಅದರ ಕೆಳಗೆ ಖಡಿ, ಖಡಿಯ ಕೆಳಗೆ ಕೆಂಪು ಗರಸು, ಎಲ್ಲಕ್ಕೂ ಕೆಳಗೆ ಕರೀ ಎರೆ ಇಣುಕುತ್ತಿತ್ತು. ಬೆರಳಲ್ಲಿ ಒತ್ತಿದರೆ ಇನ್ನೂ ಹಸಿ. ಮಳೆ ನಿಂತು ಎಷ್ಟೋ ದಿನ ಆಗಿದೆ!

ಡಾಂಬರು ತೆಳುವಾಯಿತು ಅಂತ ಊರಲ್ಲಿ ಎಲ್ಲರೂ ಬೈಯುತ್ತಾರೆ. ನನಗೂ ಹಾಗೇ ಅನಿಸಿತ್ತು. ಆದರೆ ಹಳ್ಳಿ ರಸ್ತೆಗಳಿಗೆ ಸಾಮಾನ್ಯವಾಗಿ ಹಾಕುವ ಮೇಲಿನ ಪದರವೇ 20 ಮಿಲಿಮೀಟರ್. ರಸ್ತೆಯ ಭಾರ ಹೊರುವುದು ಕೆಳಗಿನ ಖಡಿ, ಗರಸು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಕೆಳಗೆ ನೀರು ಇಳಿಯಿತು ಅಂದರೆ ಮೇಲೆ ಎಷ್ಟು ಡಾಂಬರು ಸುರಿದರೂ ನಿಲ್ಲಲ್ಲ. ಕಾಕಾ ಒಂದೇ ಮಾತಲ್ಲಿ ಹೇಳಿದರು: "ನೀರು ನಿಂತ್ರ ರಸ್ತೆ ಸತ್ತಂಗ ತಮ್ಮಾ."

ನೀರು ಯಾಕೆ ನಿಲ್ಲುತ್ತದೆ ಅಂತಲೂ ಇವತ್ತು ಕಣ್ಣಾರೆ ಕಂಡೆವು. ರಸ್ತೆಯ ಎರಡೂ ಮಗ್ಗುಲಲ್ಲಿ ಹುಲ್ಲು ಬೆಳೆದು, ಮಣ್ಣು ಕೂತು, ಡಾಂಬರಿಗಿಂತ ಎತ್ತರ ಆಗಿದೆ. ಮಳೆ ನೀರು ಪಕ್ಕಕ್ಕೆ ಇಳಿಯೋಕೆ ದಾರಿಯೇ ಇಲ್ಲ. ಮಗ್ಗುಲು ಕೆರೆಯುವುದು, ಚರಂಡಿ ತೆಗೆಯುವುದು, ಮೋರಿ ಸ್ವಚ್ಛ ಮಾಡುವುದು, ಇವೆಲ್ಲ ನಿರ್ವಹಣೆಯ ಕೆಲಸಗಳೇ. ಐದು ವರ್ಷದಲ್ಲಿ ಸಲಿಕೆ ಹಿಡಿದವರನ್ನು ಊರಲ್ಲಿ ಯಾರೂ ನೋಡಿಲ್ಲ.

ಇನ್ನೊಂದು ವಿಷಯ, ಬರೆಯೋಕೆ ಕಷ್ಟ, ಆದರೆ ಬರೆಯಲೇಬೇಕು. ಎಂಟು ಕಡೆ ರೈತರು ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಲು ಚರಂಡಿಗೆ ಮಣ್ಣು ತುಂಬಿದ್ದಾರೆ. ಅದರಲ್ಲಿ ಒಂದು ನಮ್ಮದೇ. ಕಾಕಾ ಅಲ್ಲಿ ನಿಂತು ಬಹಳ ಹೊತ್ತು ಮಾತಾಡಲಿಲ್ಲ. ಪಕ್ಕದಲ್ಲೇ ನಮ್ಮ ಕಡಲೆ ಗೇಣುದ್ದ ಎದ್ದು ನಿಂತಿತ್ತು. ಆಮೇಲೆ "ಎಷ್ಟು ಇಂಚಿನ ಪೈಪ್ ಬೇಕಾಗ್ತೈತಿ?" ಅಂದರು. ತುಂಬಿದ ಮಣ್ಣಿನ ಕೆಳಗೆ ಚರಂಡಿ ನೀರು ಹರಿಯಲಿ ಅಂತ ನಾಳೆ ಪೇಟೆಯಿಂದ ಸಿಮೆಂಟ್ ಪೈಪ್ ತರುತ್ತಾರಂತೆ. ಉಳಿದ ಏಳು ಜನರ ಜೊತೆ ತಾವೇ ಮಾತಾಡುತ್ತೇನೆ ಅಂದಿದ್ದಾರೆ.

ವಾಪಸ್ ಬರುವಾಗ ಹೈಸ್ಕೂಲ್ ಹುಡುಗಿಯರು ಎದುರಾದರು. ಶನಿವಾರ ಬೆಳಗಿನ ಶಾಲೆ, ಬೇಗ ಬೇಗ ನಡೆಯುತ್ತಿದ್ದರು. ಸೆಪ್ಟೆಂಬರ್‌ನಿಂದ ಬಸ್ಸು ಊರೊಳಗೆ ಬರುತ್ತಿಲ್ಲ, ಕ್ರಾಸಿಗೇ ತಿರುಗಿಸುತ್ತಾರೆ. ಡ್ರೈವರ್‌ನನ್ನು ದೂರೋಕಾಗಲ್ಲ, ಮೋರಿ ಹತ್ತಿರ ಗಾಲಿ ಸಿಕ್ಕರೆ ಅವನೇ ಉತ್ತರ ಕೊಡಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟಿಗೆ ದುಡ್ಡಿಲ್ಲ. ನಮ್ಮ ಅವ್ವ ಆ ಬಸ್ಸಿನಲ್ಲೇ ಎಷ್ಟು ಸಲ ತವರಿಗೆ ಹೋಗಿ ಬಂದಳೋ. ಈಗ ಮಂಡಿ ನೋವಿನವರಿಗೆ ಆ ಮೂರು ಕಿಲೋಮೀಟರೇ ದೊಡ್ಡ ಟಿಕೆಟ್ ಆಗಿದೆ.

ಕಳೆದ ವರ್ಷ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಇದೇ ಯೋಜನೆಯ ನಾಲ್ಕನೇ ಹಂತಕ್ಕೆ ಒಪ್ಪಿಗೆ ಕೊಟ್ಟಿತು. 62,500 ಕಿಲೋಮೀಟರ್ ರಸ್ತೆ, 70,125 ಕೋಟಿ ರೂಪಾಯಿ, 25,000 ಜನವಸತಿಗಳು. ಇನ್ನೂ ದಾರಿ ಕಾಣದ ಊರಿಗೆ ದಾರಿ ಸಿಗಲಿ, ಖಂಡಿತ ಸಿಗಲಿ. ನನ್ನ ಆಸೆ ಇಷ್ಟೇ: ಹೊಸ ರಸ್ತೆಯ ಪೂಜೆಗೆ ಬರುವಷ್ಟು ಜನ ಹಳೇ ರಸ್ತೆಯ ಚರಂಡಿ ನೋಡೋಕೂ ಬರಬೇಕು.

ನಿರ್ವಹಣೆಯ ಬಿಲ್ಲು ಈಗ ಇ-ಮಾರ್ಗ್ ಅನ್ನೋ ಆನ್‌ಲೈನ್ ವ್ಯವಸ್ಥೆಯಲ್ಲಿ ಹೋಗುತ್ತದೆ. ರಸ್ತೆ ಸ್ಥಿತಿಯ ಫೋಟೋ ಹಾಕಬೇಕು, ರಸ್ತೆ ಚೆನ್ನಾಗಿದ್ದರೆ ಮಾತ್ರ ಗುತ್ತಿಗೆದಾರರಿಗೆ ಹಣ. ನಮ್ಮ ರಸ್ತೆಗೆ ಯಾವ ಫೋಟೋ ಹೋಗಿದೆ ಅಂತ, ರಸ್ತೆ ದುರಸ್ತಿ ಮಾಡಿಸಿ ಅಂತ ಕಚೇರಿಗೆ ಕೊಡಲು ಬರೆದ ಅರ್ಜಿಯಲ್ಲೇ ಕೇಳಿದ್ದೇವೆ. ಜನರಿಗೆ ಮೇರಿ ಸಡಕ್ ಅಂತ ಬೇರೆ ಆ್ಯಪ್ ಇದೆ. ಹುಡುಗರು ಅದರಲ್ಲಿ ಮೋರಿ ಗುಂಡಿಯ ಫೋಟೋ ಹಾಕಿದರು. ದೂರಿನ ನಂಬರ್ ಬಂತು, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ.

ಸಂಜೆ ಗುಡಿ ಕಟ್ಟೆ ಮೇಲೆ ಅರ್ಜಿ ಓದಿ ಹೇಳಿದೆ. 63 ಸಹಿ, ಒಂಬತ್ತು ಹೆಬ್ಬೆಟ್ಟು. ಸೋಮವಾರ ನಾಲ್ಕು ಜನ ಕೊಟ್ಟು ಬರುತ್ತೇವೆ, ಸ್ವೀಕೃತಿಯ ಸೀಲು ಹಾಕಿಸಿಕೊಂಡೇ ಬರುತ್ತೇವೆ. ಎಂಟರ ಬಸ್ಸು ಕ್ರಾಸಿನಿಂದಲೇ ಹಿಡಿಯಬೇಕು. ಏಳಕ್ಕೆಲ್ಲ ಮನೆ ಬಿಡಬೇಕು.