ಸಾನ್ ಬ್ಲಾಸ್‌ನಿಂದ ಕಾರ್ತಹೇನಾಗೆ ಹಾಯಿದೋಣಿಯಲ್ಲಿ: ಹೊರಡುವ ಮುಂಚೆ ಓದಿ

ಮೊದಲೇ ಹೇಳಿಬಿಡುತ್ತೇನೆ, ಪನಾಮಾದ ಸಾನ್ ಬ್ಲಾಸ್ ದ್ವೀಪಗಳಿಂದ ಕೊಲಂಬಿಯಾದ ಕಾರ್ತಹೇನಾ ಬಂದರಿಗೆ ಹೋಗುವ ಈ ಪ್ರವಾಸದ ಫೋಟೋಗಳಲ್ಲಿ ಕಾಣುವುದು ಮೊದಲ ಮೂರು ದಿನ ಮಾತ್ರ. ಬಿಳಿ ಮರಳು, ತೆಂಗಿನ ಮರ, ಗಾಜಿನಂಥ ನೀರು. ಆಮೇಲೆ ತೆರೆದ ಸಮುದ್ರದಲ್ಲಿ ಕಳೆಯುವ 36 ಗಂಟೆಯ ಫೋಟೋ ಯಾರೂ ಹಾಕುವುದಿಲ್ಲ. ಆಗ ಎಲ್ಲರ ಕೈಯಲ್ಲೂ ಬಕೆಟ್ ಇರುತ್ತದೆ.

ಪನಾಮಾದಿಂದ ಕೊಲಂಬಿಯಾಕ್ಕೆ ರಸ್ತೆ ಇಲ್ಲ. ನಡುವೆ ಸುಮಾರು 100 ಕಿ.ಮೀ. ಡೇರಿಯನ್ ಕಾಡು, ಅದರ ಹತ್ತಿರಕ್ಕೂ ಹೋಗಬೇಡಿ. ವಿಮಾನದಲ್ಲಿ ಒಂದು ಗಂಟೆ ಚಿಲ್ಲರೆ ಹಾದಿ. ನಾನು, ನನ್ನ ಹೆಂಡತಿ ಅದಕ್ಕೆ ಐದು ದಿನ ತೆಗೆದುಕೊಂಡೆವು, ತಲಾ 600 ಡಾಲರ್ ಬೇರೆ ಕೊಟ್ಟೆವು. ಅದಕ್ಕೂ ಮುಂಚೆ ನನ್ನ ಸಮುದ್ರದ ಅನುಭವ ಅಂದರೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿಬಂದದ್ದು, ಅಷ್ಟೇ.

ಬುಕ್ ಮಾಡುವಾಗ ನಾವು ಮಾಡಿದ ತಪ್ಪು ದೋಣಿಯ ಫೋಟೋ ನೋಡಿ ದುಡ್ಡು ಕಟ್ಟಿದ್ದು. ಹೊರಡುವ ಹಿಂದಿನ ದಿನ ಏಜೆಂಟ್ ಫೋನ್ ಮಾಡಿ "ಆ ದೋಣಿ ರಿಪೇರಿಯಲ್ಲಿದೆ, ಬೇರೆ ಕೊಡುತ್ತೇವೆ" ಅಂದ. ಬಂದದ್ದು ಚಿಕ್ಕದು, ಹತ್ತು ಜನಕ್ಕೆ ಒಂದೇ ಟಾಯ್ಲೆಟ್. ಪುಣ್ಯಕ್ಕೆ ಕ್ಯಾಪ್ಟನ್ ಒಳ್ಳೆಯವರು ಸಿಕ್ಕರು. ಹಾಗಾಗಿ ನೀವು ವಿಚಾರಿಸಬೇಕಾದದ್ದು ಕ್ಯಾಪ್ಟನ್ ಬಗ್ಗೆ. ಈ ದಾರಿಯಲ್ಲಿ ಎಷ್ಟು ಸಲ ಹೋಗಿದ್ದಾರೆ, ರಾತ್ರಿ ಪಾಳಿಗೆ ಇನ್ನೊಬ್ಬರು ಇದ್ದಾರಾ, ಎಲ್ಲರಿಗೂ ಲೈಫ್ ಜಾಕೆಟ್ ಇದೆಯಾ, ದಾರಿಯಲ್ಲಿ ಕುಡಿಯುತ್ತಾರಾ. ಕೊನೇ ಪ್ರಶ್ನೆ ಕೇಳಲು ನಾಚಿಕೆ ಬೇಡ.

ಇನ್ನೊಂದು ಮುಖ್ಯ ಮಾತು, ದಿಕ್ಕು. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಇಲ್ಲಿ ಈಶಾನ್ಯದ ಗಾಳಿ ಒಂದೇ ಸಮ ಬೀಸುತ್ತದೆ, ಅಲೆ ಎರಡು ಮೂರು ಮೀಟರ್ ಏಳುತ್ತದೆ. ಕಾರ್ತಹೇನಾ ಇರುವುದೂ ಹೆಚ್ಚುಕಡಿಮೆ ಅದೇ ಕಡೆ. ಅಂದರೆ ಪನಾಮಾದಿಂದ ಹೊರಟರೆ ಬಹುತೇಕ ಗಾಳಿಗೆ ಎದುರು, ದೋಣಿ ಒಂದು ಪಕ್ಕಕ್ಕೆ ವಾಲಿಕೊಂಡು ಪ್ರತಿ ಅಲೆಗೂ ಧಡಾರ್ ಅಂತ ಬೀಳುತ್ತದೆ. ನಾವು ಹೋದದ್ದು ಫೆಬ್ರವರಿಯಲ್ಲಿ. ಯಾರೂ ಇದನ್ನು ಹೇಳಿರಲಿಲ್ಲ. ಅದೇ ತಿಂಗಳಲ್ಲಿ ಕಾರ್ತಹೇನಾದಿಂದ ಈ ಕಡೆ ಬಂದರೆ ಗಾಳಿ ಬೆನ್ನ ಹಿಂದೆ ಇರುತ್ತದೆ, ಕಷ್ಟದ ಭಾಗವೂ ಮೊದಲೇ ಮುಗಿಯುತ್ತದೆ. ನಿಮಗೆ ಆಯ್ಕೆ ಇದ್ದರೆ ಹಾಗೇ ಮಾಡಿ. ಮಳೆಗಾಲದಲ್ಲಿ ಸಮುದ್ರ ಶಾಂತ, ಆದರೆ ಗುಡುಗು ಸಿಡಿಲು ಜಾಸ್ತಿ.

ಪನಾಮಾ ಸಿಟಿಯಿಂದ ಬೆಳಗಿನ ಜಾವ ಐದಕ್ಕೆ ಜೀಪು. ಕಾರ್ತಿ ಎಂಬ ದೋಣಿಕಟ್ಟೆಗೆ ಸುಮಾರು ಮೂರು ಗಂಟೆ, ಕೊನೆಯ ಗುಡ್ಡದ ರಸ್ತೆ ಆಗುಂಬೆ ಘಾಟಿಯನ್ನು ರೋಲರ್ ಕೋಸ್ಟರ್ ಮಾಡಿದ ಹಾಗಿದೆ. ಖಾಲಿ ಹೊಟ್ಟೆಯಲ್ಲಿ ಹೋಗಿ. ಮಧ್ಯದಲ್ಲಿ ಇಲ್ಲಿನ ಮೂಲನಿವಾಸಿಗಳಾದ ಗುನಾ ಜನರ ಚೆಕ್‌ಪೋಸ್ಟ್ ಬರುತ್ತದೆ, ಪಾಸ್‌ಪೋರ್ಟ್ ಕೈಯಲ್ಲೇ ಇರಲಿ, ಪ್ರವೇಶ ಶುಲ್ಕಕ್ಕೆ ನಗದು ಇರಲಿ. ಪನಾಮಾದಲ್ಲಿ ನಡೆಯುವುದು ಅಮೆರಿಕದ ಡಾಲರ್, ಆದರೆ ದ್ವೀಪಗಳಲ್ಲಿ ಎಟಿಎಂ ಇಲ್ಲ, ಚಿಲ್ಲರೆಯೂ ಇಲ್ಲ. ಒಂದು, ಐದು ಡಾಲರ್ ನೋಟುಗಳನ್ನೇ ಒಯ್ಯಿರಿ.

ಸಾನ್ ಬ್ಲಾಸ್ ದ್ವೀಪಗಳಿರುವ ಈ ನಾಡಿಗೆ ಗುನಾ ಯಾಲಾ ಎಂದು ಹೆಸರು. ದ್ವೀಪಗಳು 300ಕ್ಕೂ ಹೆಚ್ಚು, ಜನ ಇರುವುದು ಸುಮಾರು 50ರಲ್ಲಿ. 1925ರಲ್ಲಿ ಗುನಾ ಜನ ಪನಾಮಾ ಸರ್ಕಾರದ ವಿರುದ್ಧ ದಂಗೆ ಎದ್ದರು, ಇವತ್ತು ಇಲ್ಲಿ ಆಡಳಿತ ಅವರದೇ. ಒಂದು ಮನೆಯ ಮೇಲೆ ಆ ದಂಗೆಯ ಬಾವುಟ ಕಂಡಿತು, ನಡುವೆ ದೊಡ್ಡ ಸ್ವಸ್ತಿಕ! ಜೊತೆಗಿದ್ದ ಜರ್ಮನ್ ಹುಡುಗಿಯರು ಬೆಚ್ಚಿಬಿದ್ದರು, ನಾವಿಬ್ಬರು ನಮ್ಮ ಮನೆಯ ಬಾಗಿಲು ನೋಡಿದ ಹಾಗೆ ನಿಂತಿದ್ದೆವು. ಅದು ಹಿಟ್ಲರನದ್ದೂ ಅಲ್ಲ, ನಮ್ಮದೂ ಅಲ್ಲ, ಅವರದ್ದೇ ಹಳೆಯ ಗುರುತು.

ಹೊರಗಿನವರಿಗೆ ಅವರ ನಿಯಮಗಳು ಕಟ್ಟುನಿಟ್ಟು. ಸ್ಕೂಬಾ ಡೈವಿಂಗ್ ಇಲ್ಲ, ಸ್ನಾರ್ಕೆಲ್ (ಉಸಿರಿನ ಕೊಳವೆ ಕಚ್ಚಿ ನೀರಿನ ಮೇಲ್ಮೈಯಲ್ಲಿ ಈಜುವುದು) ಮಾತ್ರ. ಕೇಳದೆ ಫೋಟೋ ತೆಗೆಯಬೇಡಿ, ಡ್ರೋನ್ ಮನೆಯಲ್ಲೇ ಬಿಡಿ. ಯಾರೂ ಇಲ್ಲದ ದ್ವೀಪ ಅಂದುಕೊಂಡು ಬಿದ್ದ ತೆಂಗಿನಕಾಯಿಯನ್ನೂ ಎತ್ತಬೇಡಿ, ಪ್ರತಿ ಮರಕ್ಕೂ ಒಬ್ಬ ಒಡೆಯ ಇದ್ದಾನೆ. ಕರಾವಳಿಯವರಿಗೆ ಇದು ಅರ್ಥವಾಗುತ್ತದೆ ಅಲ್ವಾ, ನಮ್ಮ ತೋಟಕ್ಕೆ ಯಾರೋ ನುಗ್ಗಿ ಕಾಯಿ ಎತ್ತಿಕೊಂಡರೆ ಸುಮ್ನೆ ಇರುತ್ತೇವಾ? ಬೇಕಿದ್ದರೆ ಕೊಂಡುಕೊಳ್ಳಿ. ಉಲು ಎಂಬ ಮರ ಕೊರೆದ ದೋಣಿಯಲ್ಲಿ ಅವರೇ ಹತ್ತಿರ ಬರುತ್ತಾರೆ, ಮೀನು, ಕಾಯಿ, ಮೋಲಾ ಬಟ್ಟೆ ತರುತ್ತಾರೆ. ಮೋಲಾ ಅಂದರೆ ಬಣ್ಣಬಣ್ಣದ ಬಟ್ಟೆಗಳನ್ನು ಪದರ ಪದರವಾಗಿಟ್ಟು, ಮೇಲಿನದನ್ನು ಕತ್ತರಿಸಿ ಕೆಳಗಿನ ಬಣ್ಣ ಕಾಣುವಂತೆ ಕೈಯಲ್ಲಿ ಹೊಲಿದದ್ದು. ಹೊಲಿಗೆಯನ್ನು ಹತ್ತಿರದಿಂದ ನೋಡಿದ ಮೇಲೆ ನನಗಂತೂ ಚೌಕಾಸಿ ಮಾಡುವ ಮನಸ್ಸಾಗಲಿಲ್ಲ.

ಸಸ್ಯಾಹಾರಿಗಳಿಗೆ: "ವೆಜ್ ಸಿಗುತ್ತದೆ" ಅನ್ನುತ್ತಾರೆ, ಸಿಗುವುದು ಅನ್ನ, ಪಾಸ್ತಾ. ಹೆಂಡತಿ ಅವಲಕ್ಕಿ, ಚಟ್ನಿ ಪುಡಿ, ಉಪ್ಪಿನಕಾಯಿ ತಂದಿದ್ದಳು. ಒಂದು ಡಾಲರಿನ ಕಾಯಿ ಒಡೆದು, ಚಾಕುವಿನಲ್ಲೇ ಹೆರೆದು ಕಲಸಿದ ಅವಲಕ್ಕಿಗೆ ಕ್ಯಾಪ್ಟನ್ ಎರಡು ಸಲ ತಟ್ಟೆ ಒಡ್ಡಿದರು.

ಹವಳದ ದಿಬ್ಬಗಳ ನಡುವೆ ದೋಣಿ ನಡೆಸುವುದು ಕಣ್ಣಿನಿಂದಲೇ. ಸೂರ್ಯ ಮೇಲೆ ಇದ್ದಾಗ ಮಾತ್ರ ನೀರಿನ ಬಣ್ಣದಲ್ಲಿ ಆಳ ತಿಳಿಯುತ್ತದೆ. ಕಂದು ಕಂಡರೆ ಹವಳ, ಕಡುನೀಲಿ ಕಂಡರೆ ಆಳ. ಹಾಗಾಗಿ ಮಧ್ಯಾಹ್ನ ಮೂರಾದ ಮೇಲೆ ಕ್ಯಾಪ್ಟನ್ ಲಂಗರು ಎತ್ತಲಿಲ್ಲ ಎಂದು ಜಗಳ ಮಾಡಬೇಡಿ, ಅದು ಒಳ್ಳೆಯ ಲಕ್ಷಣ. ಕಾಯೋಸ್ ಹೊಲಾಂದೆಸೆಸ್ ಎಂಬ ದ್ವೀಪಗಳ ಗುಂಪಿನಲ್ಲಿ ನಾವು ಎರಡು ರಾತ್ರಿ ನಿಂತೆವು. ಹೊರಗೆ ಅಲೆ ದಿಬ್ಬಕ್ಕೆ ಬಡಿಯುವ ಸದ್ದು, ಒಳಗೆ ನೀರು ಕೆರೆಯ ಹಾಗೆ.

ಇನ್ನು ಆ 36 ಗಂಟೆ. ಸುಮಾರು 190 ನಾಟಿಕಲ್ ಮೈಲಿ, ಗಂಟೆಗೆ ಐದಾರು ಮೈಲಿ ವೇಗ, ಲೆಕ್ಕ ನೀವೇ ಹಾಕಿ. ದೋಣಿಯ ಕುಲುಕಾಟಕ್ಕೆ ಬರುವ ವಾಂತಿ ತಡೆಯಲು ಸಿನ್ನರಿಜಿನ್ ಇರುವ ಸ್ಟುಜೆರಾನ್ ಮಾತ್ರೆ ಭಾರತದಲ್ಲಿ ಸಿಗುತ್ತದೆ, ಅಮೆರಿಕದ ಅಂಗಡಿಗಳಲ್ಲಿ ಸಿಗುವುದಿಲ್ಲ. ಡಾಕ್ಟರನ್ನು ಕೇಳಿ ಊರಿನಿಂದಲೇ ತನ್ನಿ, ಲಂಗರು ಎತ್ತುವ ಒಂದೆರಡು ಗಂಟೆ ಮುಂಚೆ ನುಂಗಿ. ನಾನು "ನೋಡೋಣ" ಅಂತ ಕಾದೆ. ಶುರುವಾದ ಮೇಲೆ ನುಂಗಿದರೆ ಮಾತ್ರೆಯೇ ಹೊರಗೆ ಬರುತ್ತದೆ. ಮಲಗಲು ಮುಂದಿನ ಕ್ಯಾಬಿನ್ ಒಪ್ಪಬೇಡಿ, ಅಲ್ಲಿ ಕುಲುಕಾಟ ಎಲ್ಲಕ್ಕಿಂತ ಜಾಸ್ತಿ. ನಡುವೆ, ಬಲಗಡೆ ಹಾಸಿಗೆ ಕೇಳಿ. ಈ ದಿಕ್ಕಿನಲ್ಲಿ ಗಾಳಿ ಎಡದಿಂದ ಬಂದು ದೋಣಿ ಬಲಕ್ಕೆ ವಾಲುತ್ತದೆ, ಎಡಗಡೆಯವರು ರಾತ್ರಿಯಿಡೀ ಕೆಳಗೆ ಉರುಳುತ್ತಾರೆ. ಚಕ್ರದ ಸೂಟ್‌ಕೇಸ್ ಬೇಡ, ಮಡಚುವ ಬ್ಯಾಗ್ ಸಾಕು. ಪಾಸ್‌ಪೋರ್ಟ್, ಫೋನ್ ನೀರು ಹೋಗದ ಚೀಲದಲ್ಲಿರಲಿ.

ಕಾಗದಪತ್ರ. ಅಮೆರಿಕದ ವೀಸಾ ಇರುವ ಭಾರತೀಯರಿಗೆ ಎರಡೂ ದೇಶಗಳಲ್ಲಿ ರಿಯಾಯಿತಿ ಇದೆ, ಆದರೆ ಷರತ್ತುಗಳಿವೆ, ಬದಲಾಗುತ್ತಲೂ ಇರುತ್ತವೆ, ರಾಯಭಾರ ಕಚೇರಿಯ ಸೈಟಿನಲ್ಲಿ ನೋಡಿಕೊಳ್ಳಿ. ಹಳದಿ ಜ್ವರದ ಲಸಿಕೆಯನ್ನು ಹೊರಡುವ 10 ದಿನ ಮುಂಚೆಯಾದರೂ ಹಾಕಿಸಿಕೊಂಡು ಹಳದಿ ಕಾರ್ಡ್ ಇಟ್ಟುಕೊಳ್ಳಿ. ಅದಿಲ್ಲದೆ ಇಲ್ಲಿಂದ ನೇರ ಊರಿಗೆ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಕ್ವಾರಂಟೈನ್‌ಗೆ ಹಾಕಬಹುದು.

ಕಾರ್ತಹೇನಾದಲ್ಲಿ ಇಳಿದಾಗ ಪಾಸ್‌ಪೋರ್ಟುಗಳನ್ನು ಕ್ಯಾಪ್ಟನ್ ತೆಗೆದುಕೊಂಡು ಹೋದರು. ಸೀಲ್ ಬಿದ್ದು ವಾಪಸ್ ಸಿಕ್ಕಿದ್ದು ಮಾರನೇ ದಿನ ಸಂಜೆ. ಅವತ್ತೇ ಬೊಗೊಟಾಗೆ ವಿಮಾನ ಬುಕ್ ಮಾಡಿದ್ದ ಜರ್ಮನ್ ಹುಡುಗಿಯರು ಅದನ್ನು ತಪ್ಪಿಸಿಕೊಂಡರು. ನೀವು ಎರಡು ದಿನ ಬಿಟ್ಟು ಟಿಕೆಟ್ ಮಾಡಿ. ಮೊದಲ ರಾತ್ರಿಯಂತೂ ಹೋಟೆಲ್ ಮಂಚವೂ ತೂಗಾಡುತ್ತಿರುತ್ತದೆ.