ಸೌದೆ ಒಲೆ ಹೊಗೆ ಕಾರದಿರಲು ಪಕ್ಕದಲ್ಲಿರಬೇಕಾದ ಸಾಮಾನು

ಮಲೆನಾಡು, ಕರಾವಳಿಯ ಮನೆಗಳಿಗೆ ಗ್ಯಾಸ್ ಬಂದು ಎಷ್ಟೋ ವರ್ಷವಾದರೂ ಬಚ್ಚಲೊಲೆ ಆರಿಲ್ಲ. ತೋಟದಲ್ಲಿ ಹೆಡೆಮಟ್ಟೆ, ತೆಂಗಿನ ಸಿಪ್ಪೆ, ಕರಟ ಸಿಗುವವರೆಗೆ ಆರುವುದೂ ಇಲ್ಲ. ಆ ಒಲೆ ಹೊಗೆ ಕಾರಿದರೆ ಎಲ್ಲರೂ ಬೈಯುವುದು ಒಲೆಯನ್ನೇ. ಹೆಚ್ಚಿನ ಸಲ ತಪ್ಪು ಒಲೆಯದಲ್ಲ. ಜೊತೆಗಿರಬೇಕಾದ ಒಂದೆರಡು ಸಾಮಾನು ಇರುವುದಿಲ್ಲ, ಇದ್ದರೂ ಅದರ ಬಳಕೆ ಸರಿಯಿರುವುದಿಲ್ಲ.

ಮೊದಲ ಸಾಮಾನು ಹಂಡೆಯ ಮುಚ್ಚಳ. ಬಿಸಿನೀರಿನ ಮೇಲ್ಮೈಯಿಂದ ಹೋಗುವ ಶಾಖದಲ್ಲಿ ಬಹುಪಾಲು ಹೋಗುವುದು ಆವಿಯ ಜೊತೆ. ಒಂದು ಲೀಟರ್ ನೀರು ಆವಿಯಾಗಲು ಬೇಕಾಗುವ ಶಾಖದಲ್ಲಿ 25 ಡಿಗ್ರಿಯ 25 ಲೀಟರಿಗೂ ಹೆಚ್ಚು ನೀರನ್ನು 45 ಡಿಗ್ರಿಗೆ ತರಬಹುದು. ಅಂದರೆ ಒಬ್ಬರ ಸ್ನಾನದ ನೀರು. ಹಂಡೆಯ ಬಾಯಿಗಿಂತ ಎರಡು ಇಂಚು ಹೆಚ್ಚು ಅಗಲದ, ಹಿಡಿ ಇರುವ ಅಲ್ಯೂಮಿನಿಯಂ ತಟ್ಟೆ ಸಾಕು, ಮರದ ಹಲಗೆಯೂ ಆದೀತು. ಇದಕ್ಕಿಂತ ಅಗ್ಗವಾಗಿ ಸೌದೆ ಉಳಿಸುವ ವಸ್ತು ಇನ್ನೊಂದಿಲ್ಲ.

ಅಡುಗೆ ಒಲೆಗೆ ಅಷ್ಟೇ ಮುಖ್ಯವಾದದ್ದು ಕಬ್ಬಿಣದ ಬಳೆ, ಅಂದರೆ ಪಾತ್ರೆಗೂ ಒಲೆಯ ಬಾಯಿಗೂ ನಡುವಿನ ಸಂದಿ ಮುಚ್ಚುವ ಉಂಗುರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ರೂಪಿಸಿದ ಅಸ್ತ್ರ ಒಲೆಯಾಗಲಿ, ಬೇರೆ ಯಾವುದೇ ಹೊಗೆಕೊಳವೆಯ ಒಲೆಯಾಗಲಿ, ಪಾತ್ರೆ ಒಲೆಯ ಬಾಯಿಗೆ ಸರಿಯಾಗಿ ಕೂತರೆ ಮಾತ್ರ ಚೆನ್ನಾಗಿ ಉರಿಯುತ್ತದೆ. ಬೆರಳಗಲ ಸಂದಿ ಬಿಟ್ಟರೆ ಕೊಳವೆ ಬೆಂಕಿಯ ಕಡೆಯಿಂದ ಗಾಳಿ ಎಳೆಯುವ ಬದಲು ಆ ಸಂದಿಯಿಂದ ತಣ್ಣನೆ ಗಾಳಿ ಎಳೆಯುತ್ತದೆ. ಉರಿ ಸೋಲುತ್ತದೆ, ಹೊಗೆ ಅಡುಗೆಮನೆಗೆ ತಿರುಗುತ್ತದೆ. ಮನೆಯಲ್ಲಿರುವ ಎರಡು ಮೂರು ಪಾತ್ರೆಗಳ ತಳ ಅಳೆದು, ಒಂದರೊಳಗೊಂದು ಕೂರುವ ಬಳೆಗಳನ್ನು ಕುಲುಮೆಯಲ್ಲಿ ಮಾಡಿಸಿ. ತಗಡು ಬೇಡ, ಕಾದು ಸೊಟ್ಟಗಾಗುತ್ತದೆ, 5–6 ಮಿ.ಮೀ. ದಪ್ಪದ ಪಟ್ಟಿ ಇರಲಿ.

ಒಲೆಯೊಳಗಿನ ಜಾಲಿಗೆ ಎರಕದ ಕಬ್ಬಿಣವೇ ಸರಿ. ಕಂಬಿಗಳ ನಡುವೆ ಒಂದು ಸೆಂಟಿಮೀಟರಿನಷ್ಟು ಸಂದಿ, ಕೆಳಗೆ ಬೂದಿ ಬೀಳಲು ಮೂರು ನಾಲ್ಕು ಇಂಚು ಜಾಗ. ಕಟ್ಟಡಕ್ಕೆ ಬಳಸುವ ತೆಳು ಸರಳನ್ನು ಬೆಸೆದು ಮಾಡಿದ ಜಾಲಿ ಬೇಗ ಬಾಗಿ ಸವೆಯುತ್ತದೆ. ಬೂದಿ ಕೆಳಗೆ ತುಂಬಿ ಜಾಲಿಗೆ ತಾಗಿದರೂ ಅದೇ ಗತಿ: ಕೆಳಗಿನ ಗಾಳಿ ನಿಂತು ಕಂಬಿ ತಣಿಯಲು ದಾರಿಯೇ ಇರುವುದಿಲ್ಲ. ಕಾದ ಎರಕಕ್ಕೆ ನೀರು ಸೋಕಬಾರದು, ಸೀಳುತ್ತದೆ.

ಊದುಗೊಳವೆ ಎಲ್ಲರಿಗೂ ಗೊತ್ತಿರುವುದೇ. ಒಂದೂವರೆ ಎರಡು ಅಡಿ ಉದ್ದ, ಊದುವ ಕಡೆ ಮುಕ್ಕಾಲು ಇಂಚು, ಬೆಂಕಿಯ ಕಡೆ ಕಿರುಬೆರಳ ತುದಿಯಷ್ಟು ಕಿರಿದಾಗಿದ್ದರೆ ಉಸಿರು ವ್ಯರ್ಥವಾಗುವುದಿಲ್ಲ. ಕೊಳವೆಯನ್ನು ಕೆಂಡಕ್ಕೆ ಚುಚ್ಚಬೇಡಿ, ಎರಡು ಮೂರು ಇಂಚು ದೂರ ಹಿಡಿಯಿರಿ. ನಿಮ್ಮ ಉಸಿರು ಸುತ್ತಲಿನ ಗಾಳಿಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ನಲ್ಲಿಯ ಜಿ.ಐ. ಪೈಪ್ ತುಂಡನ್ನು ಊದುಗೊಳವೆ ಮಾಡಿಕೊಳ್ಳುವವರಿದ್ದಾರೆ. ಅದರ ಮೇಲಿನ ಸತುವಿನ ಲೇಪ ಕೆಂಡದಲ್ಲಿ ಕಾದರೆ ಬರುವ ಹೊಗೆ ಕೆಟ್ಟದ್ದು. ಲೇಪವಿಲ್ಲದ ಕಬ್ಬಿಣ ಅಥವಾ ಹಿತ್ತಾಳೆ ಇರಲಿ. ಉಸಿರನ್ನು ಎಳೆದುಕೊಳ್ಳುವಾಗ ಬಾಯಿಯಿಂದ ಕೊಳವೆ ತೆಗೆಯಬೇಕೆಂದು ಮಕ್ಕಳಿಗೆ ಹೇಳಿಕೊಡಿ. ಕೆಂಡ ಎತ್ತಲು ಉದ್ದದ ಇಕ್ಕಳ ಬೇಕು. ಪಾತ್ರೆ ಇಳಿಸಲು ದಪ್ಪ ಹತ್ತಿಯ ಮಸಿಬಟ್ಟೆ, ಅದೂ ಒಣಗಿರಬೇಕು. ಒದ್ದೆ ಬಟ್ಟೆ ಶಾಖವನ್ನು ಕ್ಷಣದಲ್ಲಿ ಕೈಗೆ ದಾಟಿಸುತ್ತದೆ.

ಇನ್ನು ಹೊಗೆಕೊಳವೆ. ಜನ ಅತಿ ಹೆಚ್ಚು ಮರೆಯುವುದೂ ಇದನ್ನೇ, ಅಪಾಯ ಇರುವುದೂ ಇಲ್ಲೇ. ಹಸಿ ಸೌದೆಯ ಹೊಗೆ ಮೇಲೇರುತ್ತಾ ತಣಿದು ಕೊಳವೆಯ ಒಳಮೈಗೆ ಟಾರಿನಂತೆ ಅಂಟುತ್ತದೆ. ಮಸಿ 3 ಮಿ.ಮೀ. ದಪ್ಪವಾದರೆ ಕೊಳವೆ ಶುಚಿ ಮಾಡುವುದನ್ನು ಮುಂದೂಡಬೇಡಿ. ನಾಲ್ಕು ಇಂಚಿನ ಕೊಳವೆಯಲ್ಲಿ ಸುತ್ತಲೂ ಅರ್ಧ ಇಂಚು ಮಸಿ ಕೂತರೆ ಹೊಗೆಗೆ ಉಳಿಯುವ ದಾರಿ ಅರ್ಧಕ್ಕೆ ತುಸು ಹೆಚ್ಚು, ಅಷ್ಟೇ. ನಿತ್ಯ ಉರಿಯುವ ಒಲೆಗೆ ಎರಡು ಮೂರು ತಿಂಗಳಿಗೊಮ್ಮೆ, ಮಳೆಗಾಲದ ಮೊದಲು ತಪ್ಪದೆ, ಬ್ರಷ್ ಹಾಯಿಸಬೇಕು.

ಹಳೆಯ ಹೊಗೆಕೊಳವೆಗಳಲ್ಲಿ ಎಷ್ಟೋ ಕಲ್ನಾರಿನ (ಆಸ್ಬೆಸ್ಟಾಸ್) ಸಿಮೆಂಟಿನವು. ಅವಕ್ಕೆ ತಂತಿ ಬ್ರಷ್ ಹಾಕಲೇಬಾರದು, ಕೆರೆದರೆ ಏಳುವ ನಾರು ಶ್ವಾಸಕೋಶಕ್ಕೆ ವಿಷ. ತೆಂಗಿನ ನಾರು ತುಂಬಿದ ಗೋಣಿಯ ಉಂಡೆ ಒಳ್ಳೆಯದು. ಕೊಳವೆಯ ವ್ಯಾಸಕ್ಕಿಂತ ತುಸು ದೊಡ್ಡದಾಗಿ ಬಿಗಿದು, ನೀರು ಚಿಮುಕಿಸಿ ಒದ್ದೆ ಮಾಡಿಕೊಳ್ಳಿ. ಹಗ್ಗವನ್ನು ಉಂಡೆಯ ಎರಡೂ ಕಡೆ ಕಟ್ಟಬೇಕು, ಒಂದು ಮೇಲೆಳೆಯಲು, ಇನ್ನೊಂದು ಕೆಳಗೆಳೆಯಲು. ಒಂದೇ ಕಡೆ ಕಟ್ಟಿದ ಉಂಡೆ ನಡುವೆ ಸಿಕ್ಕಿಕೊಂಡರೆ ಕೊಳವೆ ಒಡೆಯದೆ ತೆಗೆಯುವುದು ಕಷ್ಟ. ಒಲೆ ಪೂರ್ತಿ ತಣಿದಿರಲಿ. ಒಲೆಯ ಬಾಯಿಗಳಿಗೆ ಒದ್ದೆ ಗೋಣಿ ಮುಚ್ಚಿ, ಮೂಗಿಗೆ ಮಾಸ್ಕ್ ಹಾಕಿ, ಮಾಡಿನ ಮೇಲೆ ಹಲಗೆ ಹಾಸಿಕೊಂಡೇ ಹತ್ತಿ. ಕನ್ನಡಿಯಂತೆ ಹೊಳೆಯುವ ಗಟ್ಟಿ ಮಸಿ ಬ್ರಷ್‌ಗೆ ಬಗ್ಗುವುದಿಲ್ಲ. ಅಂಥ ಕೊಳವೆ ಬದಲಿಸುವುದೇ ಲೇಸು.

ಕೊಳವೆಯೊಳಗೆ ಭೋರೆಂದು ಸದ್ದು ಬಂದರೆ ಮಸಿಗೇ ಬೆಂಕಿ ಹತ್ತಿದೆ ಎಂದರ್ಥ. ಒಲೆಯ ಬಾಯಿ, ಗಾಳಿಕಂಡಿ ಮುಚ್ಚಿ, ಮನೆಯವರನ್ನು ಹೊರಗೆ ಕಳಿಸಿ, ಅಗ್ನಿಶಾಮಕ ದಳವನ್ನು ಕರೆಯಿರಿ. ಕೊಳವೆಗೆ ನೀರು ಸುರಿಯಬೇಡಿ, ಬಿರಿದು ಬೆಂಕಿ ಮಾಡಿಗೆ ದಾಟೀತು. ತುದಿಯ ಟೋಪಿಗೂ ಕೊಳವೆಯ ಬಾಯಿಗೂ ನಡುವೆ ಮೂರು ನಾಲ್ಕು ಇಂಚು ಅಂತರವಿರಲಿ. ಮಳೆಗೆ ಹೆದರಿ ಟೋಪಿ ತಗ್ಗಿಸಿದರೆ ಹೊಗೆ ಕೆಳಗೇ ಬರುತ್ತದೆ.

ಸೌದೆಯ ತೇವ ನೋಡಲು ಎರಡು ಮುಳ್ಳಿನ ಮಾಪಕ ಸಿಗುತ್ತದೆ. ಹೊರಮೈಗೆ ಚುಚ್ಚಿದರೆ ಅದು ಸುಳ್ಳು ಹೇಳುತ್ತದೆ. ಸೌದೆಯನ್ನು ಸೀಳಿ ಒಳಮೈಗೆ ಚುಚ್ಚಿ. 20 ಶೇಕಡಾಕ್ಕಿಂತ ಕಡಿಮೆ ತೋರಿದರೆ ಉರಿಸಬಹುದು. ಮಾಪಕ ಇಲ್ಲದಿದ್ದರೆ ರಾಶಿಯ ಒಂದು ತುಂಡಿಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತರೆ ಒಣಗಿದೆ. ಬೇಸಿಗೆಗೆ ಮೊದಲೇ ಮುಂಗೈ ದಪ್ಪಕ್ಕೆ ಸೀಳಿ, ನೆಲದಿಂದ ಅರ್ಧ ಅಡಿ ಎತ್ತರದಲ್ಲಿ ಪೇರಿಸಿ ಬಿಸಿಲು ಕಾಣಿಸಿ, ಮುಂಗಾರಿಗೆ ಮೊದಲು ಕೊಟ್ಟಿಗೆ ಸೇರಿಸಿ.

ಬಚ್ಚಲು ಮನೆಯೊಳಗೇ ಇದ್ದು ಒಲೆಯನ್ನೂ ಒಳಗಿಂದಲೇ ಉರಿಸುವುದಾದರೆ ಕಾರ್ಬನ್ ಮೋನಾಕ್ಸೈಡ್ ಅಲಾರಂ ಕೊಳ್ಳಿ. ಈ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯಿಲ್ಲದ ಬರೀ ಕೆಂಡದಿಂದಲೂ ಬರುತ್ತದೆ. ಅಲಾರಂ ಹಬೆ ತಾಗುವಲ್ಲಿ ಬೇಡ, ಪಕ್ಕದ ಓಣಿಯಲ್ಲೋ ಕೋಣೆಯಲ್ಲೋ ಹಾಕಿ. ಅದರ ಸೆನ್ಸರಿಗೆ ಆಯಸ್ಸಿದೆ, ಹಿಂದೆ ಬರೆದ ವರ್ಷ ನೋಡಿ ಬದಲಿಸಿ. ಅಲಾರಂ ಇದೆಯೆಂದು ಕಿಟಕಿ ಮುಚ್ಚಬಾರದು.

ಬೂದಿಗೆ ಮುಚ್ಚಳವಿರುವ ಕಬ್ಬಿಣದ ಡಬ್ಬ ಬೇಕು, ಪ್ಲಾಸ್ಟಿಕ್ ಬಕೆಟ್ ಅಲ್ಲ. ಬೂದಿಯೊಳಗೆ ಹುದುಗಿದ ಕೆಂಡ ಎರಡು ದಿನವಾದರೂ ಜೀವ ಹಿಡಿದಿರುತ್ತದೆ. ಡಬ್ಬವನ್ನು ಕಲ್ಲಿನ ಮೇಲೆ ಹೊರಗಿಟ್ಟು, ನಾಲ್ಕು ದಿನ ಕಳೆದ ಮೇಲೆ ತೋಟಕ್ಕೆ ಹಾಕಿ. ಬೂದಿಯಲ್ಲಿ ಪೊಟ್ಯಾಷ್, ಸುಣ್ಣ ಎರಡೂ ಇವೆ, ತೆಂಗಿನ ಬುಡಕ್ಕೆ ಒಳ್ಳೆಯದು. ಯೂರಿಯಾದ ಜೊತೆ ಬೆರೆಸಿ ಮಾತ್ರ ಹಾಕಬೇಡಿ, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.