ವೃದ್ಧ ರೋಗಿಯ ಔಷಧಪಟ್ಟಿಯನ್ನು ಒಟ್ಟಾಗಿ ಓದುವವರು ಯಾರು?

ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ, ಎಂಬತ್ತರ ಆಸುಪಾಸಿನ ರೋಗಿಯೊಬ್ಬರು ಎರಡನೆಯ ರಾತ್ರಿ ಹೊತ್ತುಗೊತ್ತಿನ ಪರಿವೆ ತಪ್ಪಿ, ಡ್ರಿಪ್ಪಿನ ನಳಿಗೆ ಕೈಹಾಕಿ, ಹಾಸಿಗೆಯಿಂದ ಇಳಿಯಲು ಹೊರಡುವುದು ವಾರ್ಡುಗಳಲ್ಲಿ ಅಪರೂಪವಲ್ಲ. ಇಂಥ ಸನ್ನಿಗೆ ಹ್ಯಾಲೊಪೆರಿಡಾಲ್ ಎಂಬ ಮನೋರೋಗದ ಔಷಧ ಕೊಡುತ್ತಾರೆ. ಅದರಿಂದ ಕೈಕಾಲು ಬಿಗಿದು ನಡುಕ ಬಂದರೆ ಟ್ರೈಹೆಕ್ಸಿಫೆನಿಡಿಲ್ ಸೇರುತ್ತದೆ. ಅದು ಅಸಿಟೈಲ್‌ಕೋಲಿನ್ ಎಂಬ ನರವಾಹಕದ ಕೆಲಸವನ್ನು ತಡೆಯುವುದರಿಂದ ಮಲ ಕಟ್ಟುತ್ತದೆ, ಮೂತ್ರ ನಿಲ್ಲುತ್ತದೆ, ಬುದ್ಧಿ ಇನ್ನಷ್ಟು ಕದಡುತ್ತದೆ. ತುಂಬಿದ ಮೂತ್ರಕೋಶದ ಸಂಕಟವನ್ನು ಹೇಳಲಾಗದೆ ರೋಗಿ ಕೂಗಾಡಿದಾಗ ಅದನ್ನೂ ಸನ್ನಿಯೆಂದೇ ಬಗೆದು ರಾತ್ರಿಗೆ ಲೊರಾಜೆಪಾಮ್ ಎಂಬ ಮಂಪರಿನ ಔಷಧ ಬರೆಯಲಾಗುತ್ತದೆ. ಆ ಮಂಪರಿನಲ್ಲಿ ಕುಡಿಸಿದ ಗಂಜಿ ಶ್ವಾಸನಾಳಕ್ಕೆ ಇಳಿಯಬಹುದು, ಇಲ್ಲವೇ ಎದ್ದವರು ಮತ್ತೆ ಬೀಳಬಹುದು. ಒಂದೊಂದು ಔಷಧಕ್ಕೂ ಬಿಡಿಯಾಗಿ ಕಾರಣ ಹೇಳಬಹುದು. ಅವು ಕೂಡಿದಾಗ ಆಗುವ ಕೇಡಿಗೆ ಮಾತ್ರ ಯಾರೂ ಹೊಣೆಗಾರರಾಗಿರುವುದಿಲ್ಲ.

ವಯಸ್ಸಾದ ದೇಹದಲ್ಲಿ ಇಂಥ ಕೆಲವು ಔಷಧಗಳು ಹೆಚ್ಚು ಹೊತ್ತು ಉಳಿಯುತ್ತವೆ. ಇಪ್ಪತ್ತರ ಪ್ರಾಯದವರ ದೇಹದಲ್ಲಿ ಸುಮಾರು 20 ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುವ, ಲೊರಾಜೆಪಾಮ್ ಗುಂಪಿನದೇ ಆದ ಡಯಾಜೆಪಾಮ್, ಎಂಬತ್ತರವರಲ್ಲಿ ಅರ್ಧವಾಗಲು ಸುಮಾರು 90 ಗಂಟೆ ಹಿಡಿಯುತ್ತದೆ. ವೃದ್ಧರಿಗೆ ಹೊಂದದ ಔಷಧಗಳ ಪಟ್ಟಿಯನ್ನು ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲೇ ಸಿದ್ಧಪಡಿಸಿದರು. ಅಲ್ಲಿನ ವೃದ್ಧವೈದ್ಯಕೀಯ ಸಂಘ 2023ರಲ್ಲಿ ಪರಿಷ್ಕರಿಸಿದ ಬಿಯರ್ಸ್ ಮಾನದಂಡವು, ಮೆದುಳಿನ ಮೇಲೆ ಕೆಲಸ ಮಾಡುವ ಮೂರು ಅಥವಾ ಹೆಚ್ಚು ಔಷಧಗಳನ್ನು ಒಟ್ಟಿಗೆ ಕೊಡುವುದನ್ನು ತಪ್ಪಿಸಬೇಕೆಂದು ಹೇಳುತ್ತದೆ.

ನಮ್ಮಲ್ಲಿ ಆ ಮೂರರ ಎಣಿಕೆಯೇ ತಪ್ಪಿಹೋಗುತ್ತದೆ. ಎಸ್ಸಿಟಾಲೊಪ್ರಾಮ್ ಮತ್ತು ಕ್ಲೊನಜೆಪಾಮ್, ಅಮಿಟ್ರಿಪ್ಟಿಲಿನ್ ಮತ್ತು ಕ್ಲೋರ್‌ಡಯಾಜೆಪಾಕ್ಸೈಡ್, ಪ್ರಿಗಬಾಲಿನ್ ಮತ್ತು ನಾರ್‌ಟ್ರಿಪ್ಟಿಲಿನ್, ಹೀಗೆ ಮೆದುಳಿನ ಮೇಲೆ ಕೆಲಸ ಮಾಡುವ ಎರಡೆರಡು ಔಷಧಗಳು ಭಾರತದಲ್ಲಿ ಒಂದೇ ಮಾತ್ರೆಯಾಗಿ ಸಿಗುತ್ತವೆ. ಸಕ್ಕರೆ ಕಾಯಿಲೆಯ ಪಾದದ ಉರಿಗೆ ಒಂದು, ನಿದ್ದೆಗೆ ಇನ್ನೊಂದು ಎಂದು ಮನೆಯವರು ಹೇಳುವ ಎರಡು ಮಾತ್ರೆಗಳಲ್ಲಿ ನಾಲ್ಕು ಔಷಧಗಳಿರಬಹುದು. ಅವುಗಳ ಮೇಲೆ ಮೂಳೆತಜ್ಞರು ನೋವಿಗೆ ಟ್ರಮಡಾಲ್ ಬರೆದರೆ ಐದಾಗುತ್ತದೆ. ದಾಖಲಾಗುವಾಗ ಬ್ರ್ಯಾಂಡಿನ ಹೆಸರನ್ನಷ್ಟೇ ಗುರುತು ಹಾಕಿಕೊಳ್ಳುವ ರೂಢಿ ನನ್ನನ್ನು ಕಂಗೆಡಿಸುತ್ತದೆ.

ಸನ್ನಿಯನ್ನು ತಡೆಯಲು ಔಷಧವಲ್ಲದ ದಾರಿಯೂ ಇದೆ. ಯೇಲ್ ವಿಶ್ವವಿದ್ಯಾಲಯದ ಶರನ್ ಇನೌಯೆ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 70 ದಾಟಿದ ರೋಗಿಗಳಿಗೆ ಕನ್ನಡಕ ಮತ್ತು ಶ್ರವಣಸಾಧನ ಒದಗಿಸಿ, ನೀರು ಕುಡಿಸಿ, ನಡೆದಾಡಿಸಿ, ರಾತ್ರಿ ಸದ್ದು ತಗ್ಗಿಸಿದಾಗ ಸನ್ನಿಗೆ ಒಳಗಾದವರ ಪ್ರಮಾಣ ಶೇ. 15ರ ಬದಲು ಶೇ. 9.9 ಆಗಿತ್ತು. ನಮ್ಮ ಆಸ್ಪತ್ರೆಗಳಲ್ಲಿ ಹಾಸಿಗೆಯ ಪಕ್ಕ ಮನೆಯವರೊಬ್ಬರು ಇದ್ದೇ ಇರುತ್ತಾರಾದ್ದರಿಂದ, ದಾದಿಯರ ಕೊರತೆಯಿದ್ದರೂ ಇದರಲ್ಲಿ ಬಹುಪಾಲನ್ನು ಇಲ್ಲಿ ಮಾಡಲು ಸಾಧ್ಯ.

ವರ್ಷಗಟ್ಟಲೆ ನುಂಗಿದ ನಿದ್ದೆ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವೈದ್ಯರ ನಿಗಾದಲ್ಲಿ ಹಂತಹಂತವಾಗಿ ಇಳಿಸಬೇಕು. ಆದರೆ ವಾರ್ಡಿನ ಒಂದು ರಾತ್ರಿಗೆಂದು ಆರಂಭಿಸಿದ ಔಷಧ ಡಿಸ್ಚಾರ್ಜ್ ಚೀಟಿಯಲ್ಲೂ ಉಳಿದಿದ್ದರೆ, ಅದು ಏಕೆ, ಯಾವ ದಿನಾಂಕದವರೆಗೆ ಎಂಬುದನ್ನು ಅಲ್ಲಿಯೇ ಬರೆಸಿಕೊಂಡು ಹೊರಡುವ ಹಕ್ಕು ರೋಗಿಯ ಮಕ್ಕಳಿಗೆ ಇದೆ.